ಕೈಗಳೇ ಮೈ ಬಿಟ್ಟು ನಡೆದುಹೋದ ಪ್ರಕರಣ

2013ರ ಜೂನ್ ತಿಂಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯ, ಒಲಿಂಪಿಕ್ ಪರ್ಯಾಯ ದ್ವೀಪದ ಕಡಲಂಚು. ನೀರು ಇಳಿದ ಹೊತ್ತಿನಲ್ಲಿ ಬಂಡೆ ಬಂಡೆ ಹುಡುಕಿ ನಕ್ಷತ್ರಮೀನು ಎಣಿಸುವುದು ಅಲ್ಲಿನ ಸಂಶೋಧಕರ ವಾಡಿಕೆ. ಆ ಸಲ ಕೆಲವು ನಕ್ಷತ್ರಗಳು ಸರಿ ಇರಲಿಲ್ಲ. ಕೈಗಳು ತಿರುಚಿಕೊಂಡಿದ್ದವು. ಚರ್ಮದ ಮೇಲೆ ಬಿಳಿ ಹುಣ್ಣುಗಳಿದ್ದವು. ಗಾಳಿ ಬಿಟ್ಟ ಬಲೂನಿನ ಹಾಗೆ ಮೈ ಕುಗ್ಗಿತ್ತು.

ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೆನಡಾದ ವ್ಯಾಂಕೂವರ್ ಪಕ್ಕದ ಹೌ ಸೌಂಡ್‌ನಲ್ಲಿ ಮುಳುಗು ಹಾಕಿದವರು ಅದಕ್ಕಿಂತ ಕೆಟ್ಟದ್ದನ್ನು ನೋಡಿದರು. ಇಲ್ಲಿ ಸಾಯುತ್ತಿದ್ದದ್ದು ಸೂರ್ಯಕಾಂತಿ ನಕ್ಷತ್ರ ಎಂಬ ದೊಡ್ಡ ನಕ್ಷತ್ರಮೀನು. ಅದರ ಕೈಗಳು ಒಂದೊಂದು ದಿಕ್ಕಿಗೆ ಎಳೆದಾಡಿ ಬುಡದಲ್ಲೇ ಕಿತ್ತು ಬರುತ್ತಿದ್ದವು. ಕಿತ್ತ ಕೈ ಅಲ್ಲೇ ಬೀಳುತ್ತಿರಲಿಲ್ಲ, ನಡೆದುಕೊಂಡು ಹೋಗುತ್ತಿತ್ತು. ಹಿಂದೆ ಉಳಿದ ಮೈಯಿಂದ ಒಳಗಿನ ಅಂಗಗಳು ಹೊರಬಿದ್ದಿರುತ್ತಿದ್ದವು. ಕೆಲವೇ ದಿನಗಳಲ್ಲಿ ಆ ಜಾಗದಲ್ಲಿ ಉಳಿಯುತ್ತಿದ್ದದ್ದು ಒಂದಿಷ್ಟು ಬಿಳಿ ಲೋಳೆ.

ಮುಂದಿನ ಕೆಲವು ವರ್ಷಗಳಲ್ಲಿ ಇದು ಅಲಾಸ್ಕಾದಿಂದ ಮೆಕ್ಸಿಕೊವರೆಗೆ ಹಬ್ಬಿತು. 20ಕ್ಕೂ ಹೆಚ್ಚು ಜಾತಿಯ ನಕ್ಷತ್ರಮೀನುಗಳಿಗೆ ತಗುಲಿತು. ಎಲ್ಲಕ್ಕಿಂತ ಜಾಸ್ತಿ ಹೊಡೆತ ತಿಂದದ್ದು ಸೂರ್ಯಕಾಂತಿ ನಕ್ಷತ್ರವೇ. ವಿಜ್ಞಾನಿಗಳ ಲೆಕ್ಕದಲ್ಲಿ ಸುಮಾರು 575 ಕೋಟಿ ಸತ್ತವು, ಅಂದರೆ ಇದ್ದದ್ದರಲ್ಲಿ ಶೇ. 90ರಷ್ಟು. 2020ರಲ್ಲಿ ಐಯುಸಿಎನ್ (ಅಳಿಯುತ್ತಿರುವ ಜೀವಿಗಳ ಪಟ್ಟಿ ಇಡುವ ಅಂತರರಾಷ್ಟ್ರೀಯ ಸಂಸ್ಥೆ) ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. 2013ಕ್ಕೆ ಮೊದಲು ಆ ಕಡಲಲ್ಲಿ ಎಲ್ಲಿ ನೋಡಿದರೂ ಸಿಗುತ್ತಿದ್ದ ಪ್ರಾಣಿ ಅದು.

ರೋಗಕ್ಕೆ ಒಂದು ಹೆಸರು ಬಿತ್ತು: ಸೀ ಸ್ಟಾರ್ ವೇಸ್ಟಿಂಗ್, ಕನ್ನಡದಲ್ಲಿ ಹೇಳುವುದಾದರೆ ನಕ್ಷತ್ರಮೀನಿನ ಕರಗು ರೋಗ. ಕಾರಣ ಸಿಗಲು ಮಾತ್ರ ಹನ್ನೆರಡು ವರ್ಷ ಹಿಡಿಯಿತು. ಇಷ್ಟು ತಡ ಯಾಕಾಯಿತು ಅನ್ನುವುದೇ ನನಗೆ ಈ ಪ್ರಕರಣದ ರುಚಿ. ಉತ್ತರ ಬಹುಮಟ್ಟಿಗೆ ಆ ಪ್ರಾಣಿಯ ಮೈಕಟ್ಟಿನಲ್ಲೇ ಇದೆ.

ಸತ್ತದ್ದು ಯಾರು?

ನಮ್ಮ ಶಾಲೆಯ ಪುಸ್ತಕದಲ್ಲಿ ಕಂಟಕಚರ್ಮಿಗಳಿಗೆ ಸಿಕ್ಕಿದ್ದು ಕೆಲವು ಸಾಲು, ಒಂದು ಚಿತ್ರ. ಚರ್ಮದ ಮೇಲೆ ಮುಳ್ಳು, ಉದಾಹರಣೆ ನಕ್ಷತ್ರಮೀನು, ಮುಗೀತು. ಮುಂದಿನ ಪಾಠ ಕಶೇರುಕಗಳು. ಕರಾವಳಿಯವರಿಗೆ ಇದು ಬಲೆಯಲ್ಲಿ ಬೇಡದ ಕಸದ ಜೊತೆ ಬರುವ ಜೀವಿ. ಘಟ್ಟದ ಮೇಲಿನವರಿಗೆ ಪ್ರವಾಸಿ ತಾಣದ ಅಂಗಡಿಯಲ್ಲಿ ಒಣಗಿಸಿ ಮಾರಲು ಇಟ್ಟ ವಸ್ತು. ಒಣಗಿದ್ದನ್ನು ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಗಟ್ಟಿ. ಹಾಗಾಗಿ ಅದು ಗಟ್ಟಿ ಪ್ರಾಣಿ ಅಂದುಕೊಂಡುಬಿಡುತ್ತೇವೆ. ಜೀವಂತ ನಕ್ಷತ್ರಮೀನು ಹಾಗಲ್ಲ. ಅದರೊಳಗೆ ತುಂಬಿರುವುದು ನೀರು.

ಸೂರ್ಯಕಾಂತಿ ನಕ್ಷತ್ರವಂತೂ ಹೇಳಿಕೇಳಿ ನೀರಿನ ಮೂಟೆ. ಕೈಚಾಚಿದರೆ ಒಂದು ಮೀಟರ್ ಅಗಲ, ತೂಕ 5 ಕಿಲೋವರೆಗೆ. ಕೈಗಳು 16ರಿಂದ 24. ಬಣ್ಣ ಕಿತ್ತಳೆ, ನೇರಳೆ, ಕಂದು, ಹೀಗೆ ಬಗೆಬಗೆ. ಉಳಿದ ನಕ್ಷತ್ರಮೀನುಗಳ ಚರ್ಮದೊಳಗೆ ಸುಣ್ಣದ ಚೂರುಗಳು ಜಾಲರಿಯಂತೆ ಹೆಣೆದುಕೊಂಡಿರುತ್ತವೆ. ಇದರಲ್ಲಿ ಆ ಚೂರುಗಳು ಬಿಡಿಬಿಡಿ. ಅದಕ್ಕೇ ಬಾಯಿಯನ್ನು ಎಷ್ಟು ಬೇಕಾದರೂ ಅಗಲಿಸಿ ಮುಳ್ಳಿನ ಬೇಟೆಯನ್ನು ಇಡಿಯಾಗಿ ನುಂಗಬಲ್ಲದು. ನೀರಿನಿಂದ ಎತ್ತಿದರೆ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ.

ನಡಿಗೆ ಹೇಗೆ? ಕೈಗಳ ಅಡಿಯಲ್ಲಿ ಸಾಲುಸಾಲಾಗಿ ಕೊಳವೆ ಪಾದಗಳಿವೆ. ದೊಡ್ಡ ಸೂರ್ಯಕಾಂತಿ ನಕ್ಷತ್ರಕ್ಕೆ ಇಂಥ ಪಾದಗಳು 15,000 ಮೀರಬಹುದು. ಅದರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಹಳೆಯ ಇಂಕ್ ಫಿಲ್ಲರ್ ನೆನಪಿದೆ ಅಲ್ವಾ? ಮೇಲೆ ರಬ್ಬರ್ ಬುರುಡೆ, ಕೆಳಗೆ ನಳಿಗೆ. ಕೊಳವೆ ಪಾದವೂ ಹಾಗೇ. ಮೈಯೊಳಗೆ ಒಂದು ಪುಟ್ಟ ಬುರುಡೆ, ಹೊರಗೆ ಮೆತ್ತನೆ ಕೊಳವೆ. ಬುರುಡೆ ಹಿಂಡಿಕೊಂಡರೆ ನೀರು ಕೊಳವೆಗೆ ನುಗ್ಗುತ್ತದೆ, ಪಾದ ಉದ್ದವಾಗುತ್ತದೆ. ತುದಿಯ ಬಿಲ್ಲೆ ಬಂಡೆಗೆ ತಾಗಿದ ಕೂಡಲೇ ಒಂದು ಬಗೆಯ ಅಂಟು ಒಸರುತ್ತದೆ. ಪಾದದ ಸ್ನಾಯು ಬಿಗಿಯುತ್ತದೆ, ನೀರು ಬುರುಡೆಗೆ ಮರಳುತ್ತದೆ, ಮೈ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಆಮೇಲೆ ಅಂಟು ಬಿಡಿಸುವ ಇನ್ನೊಂದು ರಸ ಬರುತ್ತದೆ, ಪಾದ ಕಳಚಿಕೊಳ್ಳುತ್ತದೆ. ಜೆಸಿಬಿಯ ಕೈ ಎಣ್ಣೆಯ ಒತ್ತಡದಿಂದ ಏಳುತ್ತದೆ, ಇದರ ಕಾಲು ನೀರಿನ ಒತ್ತಡದಿಂದ. ಹೀಗೆ ಸಾವಿರಾರು ಪಾದ ಸೇರಿ ನಿಮಿಷಕ್ಕೆ ಒಂದು ಮೀಟರ್ ಓಡಿಸುತ್ತವೆ. ನಮಗೆ ಇದು ಆಮೆ ನಡಿಗೆ ಅನ್ನಿಸಬಹುದು. ಇದರ ಬೇಟೆಯಾದ ಸೀ ಅರ್ಚಿನ್ ಎಂಬ ಮುಳ್ಳಿನ ಪ್ರಾಣಿಯ ಕಣ್ಣಲ್ಲಿ ನೋಡಿದರೆ ಬೆನ್ನಟ್ಟಿ ಬರುವ ಹುಲಿ.

ಈ ನಾಳಗಳ ಜಾಲಕ್ಕೆ ಮೈಮೇಲೆ ಒಂದು ಬಾಗಿಲಿದೆ. ಜರಡಿಯಂತೆ ಸಣ್ಣ ತೂತುಗಳಿರುವ ಸುಣ್ಣದ ಬಿಲ್ಲೆ ಅದು. ಕಡಲ ನೀರು ಅಲ್ಲಿಂದ ಕಲ್ಲುನಾಳಕ್ಕೆ, ಅಲ್ಲಿಂದ ಬಾಯಿ ಸುತ್ತಲಿನ ಉಂಗುರನಾಳಕ್ಕೆ, ಅಲ್ಲಿಂದ ಒಂದೊಂದು ಕೈಗೂ ಹರಿಯುತ್ತದೆ.

ಇದು ಕಾಲಿನ ನೀರಾಯಿತು. ಮೈಯೊಳಗಿನ ಟೊಳ್ಳಿನಲ್ಲಿ ಬೇರೆಯೇ ಒಂದು ನೀರಿದೆ. ಸುಮ್ನೆ ‘ಒಡಲ ನೀರು’ ಅನ್ನೋಣ. ಜಠರ, ಅಂಡಾಶಯ, ಜೀರ್ಣಗ್ರಂಥಿ ಎಲ್ಲವೂ ಅದರಲ್ಲಿ ಮುಳುಗಿಕೊಂಡಿರುತ್ತವೆ. ನಕ್ಷತ್ರಮೀನಿಗೆ ನಮ್ಮಂಥ ಕೆಂಪು ರಕ್ತವಿಲ್ಲ, ಹೃದಯ ಅನ್ನಬಹುದಾದ ಪಂಪೂ ಇಲ್ಲ. ಆಹಾರ ಸಾಗಿಸುವುದು, ಕಸ ತೆಗೆಯುವುದು, ರೋಗಾಣು ಬಂದರೆ ಕಾಯುವುದು, ಇವೆಲ್ಲದರ ದೊಡ್ಡ ಪಾಲು ಈ ನೀರಿನದು, ಅದರಲ್ಲಿ ತೇಲುವ ಕಣಗಳದು. ಉಪ್ಪಿನ ಅಂಶದಲ್ಲಿ ಇದು ಹೆಚ್ಚುಕಡಿಮೆ ಕಡಲ ನೀರೇ. ಒಳಗಿನ ಉಪ್ಪು, ಹೊರಗಿನ ಉಪ್ಪು ಬೇರೆ ಬೇರೆ ಇಟ್ಟುಕೊಳ್ಳುವ ಏರ್ಪಾಡು ಕಂಟಕಚರ್ಮಿಗಳ ಕುಲಕ್ಕೆ ಬರಲೇ ಇಲ್ಲ. ಸುಮಾರು 7,000 ಜಾತಿಗಳಿದ್ದರೂ ಒಂದೂ ಹೊಳೆಗೆ, ಕೆರೆಗೆ ಬಂದಿಲ್ಲದ್ದಕ್ಕೆ ದೊಡ್ಡ ಕಾರಣ ಇದೇ. ಒಡಲ ನೀರನ್ನು ನೆನಪಿಡಿ. ಹನ್ನೆರಡು ವರ್ಷದ ಹುಡುಕಾಟ ಕೊನೆಗೆ ಬಂದು ನಿಂತದ್ದು ಅಲ್ಲೇ.

ಕಿತ್ತ ಕೈ ಹೇಗೆ ನಡೆಯಿತು?

ಎರಡು ಕಾರಣ. ಒಂದು, ಈ ಪ್ರಾಣಿಗೆ ಮಿದುಳಿಲ್ಲ. ಬಾಯಿ ಸುತ್ತ ನರದ ಉಂಗುರ, ಅಲ್ಲಿಂದ ಪ್ರತಿ ಕೈಗೆ ಒಂದು ನರದ ಎಳೆ. ಕೈತುದಿಯಲ್ಲಿ ಬೆಳಕು ಗುರುತಿಸುವ ಕಣ್ಣಚುಕ್ಕೆ. ಅಂದರೆ ಒಂದೊಂದು ಕೈಗೂ ತನ್ನದೇ ನರ, ತನ್ನದೇ ಕಣ್ಣು, ತನ್ನದೇ ಕಾಲು. ಮೈಯಿಂದ ಬೇರೆಯಾದ ಮೇಲೂ ಕೆಲ ಹೊತ್ತು ಅದಕ್ಕೆ ತಾನು ಬೇರೆಯಾದದ್ದೇ ಗೊತ್ತಾಗದು.

ಇನ್ನೊಂದು ಕಾರಣ ಇನ್ನೂ ಸೋಜಿಗದ್ದು. ಕಂಟಕಚರ್ಮಿಗಳ ಚರ್ಮದಲ್ಲಿ ಒಂದು ವಿಶೇಷ ಅಂಗಾಂಶವಿದೆ. ನರದಿಂದ ಆಜ್ಞೆ ಬಂದರೆ ಅದು ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಕ್ಷಣದಲ್ಲಿ ಮೆತ್ತಗಾಗುತ್ತದೆ. ಮುಳ್ಳನ್ನು ನಿಮಿರಿಸಿ ಲಾಕ್ ಮಾಡಿ ಇಡುವುದು ಇದರಿಂದಲೇ. ಸ್ನಾಯು ಬಿಗಿಹಿಡಿದು ಶಕ್ತಿ ಸುಡಬೇಕಾಗಿಲ್ಲ. ಶತ್ರು ಕೈ ಹಿಡಿದುಕೊಂಡರೆ ಬುಡದ ಅಂಗಾಂಶವನ್ನು ಕರಗಿಸಿ ಕೈ ಬಿಟ್ಟು ಓಡುವುದೂ ಇದರಿಂದಲೇ. ಹಲ್ಲಿ ಬಾಲ ಬಿಟ್ಟು ಓಡುತ್ತದಲ್ಲ, ಹಾಗೆ. ಕೈ ಮತ್ತೆ ಬೆಳೆಯುತ್ತದೆ. ಇವುಗಳ ನೆಂಟ ಕಡಲಸೌತೆ ಇನ್ನೂ ಒಂದು ಹೆಜ್ಜೆ ಮುಂದೆ. ಹೆದರಿದರೆ ಕೆಲವು ಜಾತಿಗಳು ಕರುಳನ್ನೇ ಹೊರಗೆ ಎಸೆದು ಆಮೇಲೆ ಹೊಸದು ಬೆಳೆಸಿಕೊಳ್ಳುತ್ತವೆ.

ಕರಗು ರೋಗದಲ್ಲಿ ನೋಡಿದವರ ಕಣ್ಣಿಗೆ ಬಿದ್ದದ್ದು ಇದೇ ಕಸರತ್ತು. ಆದರೆ ಓಡಿಸಲು ಶತ್ರುವಿಲ್ಲ, ನಿಲ್ಲಿಸುವವರೂ ಇಲ್ಲ. ಕೈ ಬಿಡುವುದು ಜೀವ ಉಳಿಸುವ ಉಪಾಯ. ಇಪ್ಪತ್ತೂ ಕೈ ಒಟ್ಟಿಗೆ ಬಿಟ್ಟರೆ?

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಪ್ರಕರಣಕ್ಕೆ ನೇರ ಸಂಬಂಧ ಇಲ್ಲದಿದ್ದರೂ. ನಾವು ಕೈ ಕೈ ಅನ್ನುತ್ತಿದ್ದೇವಲ್ಲ, 2023ರಲ್ಲಿ ಬಂದ ಒಂದು ಅಧ್ಯಯನ ಅದನ್ನೇ ಅಲುಗಾಡಿಸಿತು. ಬ್ಯಾಟ್ ಸ್ಟಾರ್ ಅನ್ನುವ ನಕ್ಷತ್ರಮೀನಿನಲ್ಲಿ ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತದೆ ಎಂದು ನಕ್ಷೆ ಹಾಕಿದಾಗ, ಬೇರೆ ಪ್ರಾಣಿಗಳಲ್ಲಿ ತಲೆ ಕಟ್ಟುವ ಜೀನ್‌ಗಳೇ ಮೈತುಂಬ ಸಿಕ್ಕವು. ಮುಂಡ ಕಟ್ಟುವವು ಹೊರಚರ್ಮದಲ್ಲಿ ಕಾಣಲೇ ಇಲ್ಲ. ಅಂದರೆ ನಕ್ಷತ್ರಮೀನು ಹೆಚ್ಚುಕಡಿಮೆ ತುಟಿಯ ಮೇಲೆ ತೆವಳುವ ಒಂದು ತಲೆ. ಮಿದುಳಿಲ್ಲದ ತಲೆ! ಮರಿಯಾಗಿದ್ದಾಗ ನಮ್ಮ ಹಾಗೆಯೇ ಎಡ ಬಲ ಸಮ ಇರುವ, ನೀರಲ್ಲಿ ತೇಲುವ ಜೀವಿ ಇದು. ವಂಶವೃಕ್ಷದಲ್ಲಿ ಏಡಿ, ಆಕ್ಟೋಪಸ್‌ಗಳಿಗಿಂತ ನಮಗೇ ಹತ್ತಿರ. ಬೆಳೆಯುತ್ತಾ ಆ ಮೈಯನ್ನು ಮಡಚಿ ತಿರುಚಿ ಐದು ದಳದ ಹೊಸ ಮೈ ಕಟ್ಟಿಕೊಳ್ಳುತ್ತದೆ.

ಆರೋಪಿಗಳು

ಮೊದಲು ಸಿಕ್ಕಿಬಿದ್ದದ್ದು ವೈರಸ್. 2014ರ ನವೆಂಬರ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಇಯಾನ್ ಹ್ಯೂಸನ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ರೋಗಿಯ ಅಂಗಾಂಶವನ್ನು ಅರೆದು, ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ತೂತಿನ ಜರಡಿಯಲ್ಲಿ ಸೋಸಿ, ಆರೋಗ್ಯವಾಗಿದ್ದ ಸೂರ್ಯಕಾಂತಿ ನಕ್ಷತ್ರಗಳಿಗೆ ಚುಚ್ಚಿದ್ದರು. ಅವುಗಳಿಗೆ ರೋಗ ಬಂತು. ಸೋಸಿದ ಮೇಲೂ ರೋಗ ಬಂತೆಂದರೆ ಇನ್ನೇನು, ವೈರಸ್ಸೇ ಇರಬೇಕು. ಹುಡುಕಿದಾಗ ಒಂದು ಡೆನ್ಸೊವೈರಸ್ ಕಂಡಿತು. ಪತ್ರಿಕೆಗಳು ‘ಕೊಲೆಗಾರ ಸಿಕ್ಕ’ ಎಂದೇ ಬರೆದವು.

ಆದರೆ ಒಂದು ಮುಳ್ಳು ಅದೇ ಪ್ರಬಂಧದಲ್ಲಿತ್ತು. ಅದೇ ವೈರಸ್ಸಿನ ಗುರುತು 1942ರಷ್ಟು ಹಿಂದೆ ಹಿಡಿದು ಮ್ಯೂಸಿಯಂನಲ್ಲಿ ಇಟ್ಟಿದ್ದ ನಕ್ಷತ್ರಮೀನಿನಲ್ಲೂ ಸಿಕ್ಕಿತ್ತು. ಎಪ್ಪತ್ತು ವರ್ಷ ಸುಮ್ಮನಿದ್ದವನು ಈಗ ಯಾಕೆ ಕೊಂದ? ಮುಂದೆ ಆರೋಗ್ಯವಂತ ನಕ್ಷತ್ರಗಳಲ್ಲೂ ಆ ವೈರಸ್ ಸಿಗತೊಡಗಿತು. ಪ್ರಯೋಗವನ್ನು ಮತ್ತೆ ಮಾಡಿದಾಗ ಮೊದಲಿನ ಫಲ ಬರಲಿಲ್ಲ. ಹ್ಯೂಸನ್ ಅವರ ಗುಂಪೇ ತನ್ನ ಹಳೆಯ ಮಾತಿನಿಂದ ಹಿಂದೆ ಸರಿಯಿತು. ಇದು ಸುಲಭದ ಕೆಲಸವಲ್ಲ. ವಿಜ್ಞಾನಿಗಳಲ್ಲೂ ಎಲ್ಲರೂ ಮಾಡುವುದಿಲ್ಲ.

ಎರಡನೆಯ ಆರೋಪಿ ಉಸಿರುಗಟ್ಟುವಿಕೆ. 2021ರಲ್ಲಿ ಅದೇ ಗುಂಪು ಹೊಸ ವಾದ ಮುಂದಿಟ್ಟಿತು. ನಕ್ಷತ್ರಮೀನಿಗೆ ಮೀನಿನಂಥ ಕಿವಿರು ಇಲ್ಲ. ಚರ್ಮದ ಮೇಲೆ ಎದ್ದಿರುವ ತೆಳ್ಳನೆ ಬೆರಳಿನಂಥ ಗುಳ್ಳೆಗಳು, ಕೊಳವೆ ಪಾದಗಳು, ಇವುಗಳ ಮೂಲಕವೇ ಉಸಿರಾಟ. ನೀರಿನಲ್ಲಿ ಕೊಳೆತ ಪದಾರ್ಥ ಜಾಸ್ತಿಯಾದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ವಿಪರೀತ ಬೆಳೆದು, ಚರ್ಮಕ್ಕೆ ಅಂಟಿದ ನೀರಿನ ಪದರದಲ್ಲಿರುವ ಆಮ್ಲಜನಕವನ್ನು ಹೀರಿಬಿಡುತ್ತವೆ ಎಂಬುದು ವಾದ. ನನಗೆ ಇದು ಚೆಂದದ ವಾದ ಅನ್ನಿಸಿತ್ತು. ಮೈಕಟ್ಟನ್ನು ಗಮನಿಸಿ ಮಾಡಿದ ವಾದ. ಆದರೆ ಕಾಡ್ಗಿಚ್ಚಿನಂತೆ ಸಾವಿರಾರು ಕಿಲೋಮೀಟರ್ ಹಬ್ಬಿದ್ದನ್ನು ಇದರಿಂದ ವಿವರಿಸುವುದು ಕಷ್ಟ.

ಮೂರನೆಯದು ಬಿಸಿ. 2014ರಿಂದ 2016ರವರೆಗೆ ಪೆಸಿಫಿಕ್‌ನಲ್ಲಿ ದೊಡ್ಡ ಬಿಸಿನೀರಿನ ಅಲೆ ಇತ್ತು. ನೀರು ಬಿಸಿಯಾದ ಕಡೆ ಸಾವು ಜಾಸ್ತಿ ಎಂದು 2019ರ ಅಧ್ಯಯನ ತೋರಿಸಿತು. ಆದರೆ ರೋಗ ಶುರುವಾದದ್ದು 2013ರಲ್ಲಿ, ಬಿಸಿ ಅಲೆಗಿಂತ ಮೊದಲು. ಬೆಂಕಿಗೆ ಗಾಳಿ ಹಾಕಿದ್ದು ಬಿಸಿ ಇರಬಹುದು, ಕಡ್ಡಿ ಗೀರಿದ್ದು ಬೇರೆ ಯಾರೋ.

ಒಡಲ ನೀರಿನ ಸಾಕ್ಷಿ

2021ರಲ್ಲಿ ಕೆನಡಾದ ಹಕಾಯ್ ಸಂಶೋಧನಾ ಸಂಸ್ಥೆ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಜನ ಸೇರಿ ಮೊದಲಿನಿಂದ ಶುರುಮಾಡಿದರು. ಮುಂದಾಳುಗಳು ಮೆಲನಿ ಪ್ರೆಂಟಿಸ್, ಅಲಿಸಾ ಗೇಮನ್, ಡ್ರೂ ಹಾರ್ವೆಲ್. ವಾಷಿಂಗ್ಟನ್ ರಾಜ್ಯದ ಮ್ಯಾರೋಸ್ಟೋನ್ ದ್ವೀಪದ ಪ್ರಯೋಗಾಲಯದಲ್ಲಿ ಕೆಲಸ. ಅವರ ದಾರಿ ಹಳೆಯ ಕಾಲದ್ದು: ಹೆಸರು ಆಮೇಲೆ, ಮೊದಲು ರೋಗ ದಾಟುತ್ತದೋ ಇಲ್ಲವೋ ನೋಡೋಣ. ರೋಗಿಯ ತೊಟ್ಟಿಯ ನೀರನ್ನು ಆರೋಗ್ಯವಂತ ನಕ್ಷತ್ರದ ತೊಟ್ಟಿಗೆ ಬಿಟ್ಟರು. ರೋಗ ದಾಟಿತು. ಅಂಗಾಂಶದ ರಸ ಚುಚ್ಚಿದರು, ದಾಟಿತು. ಒಡಲ ನೀರನ್ನು ಚುಚ್ಚಿದರು, ಅದೂ ದಾಟಿತು. ಅದೇ ರಸವನ್ನು ಕಾಯಿಸಿ ಚುಚ್ಚಿದರೆ ಏನೂ ಆಗಲಿಲ್ಲ. ಹಾಗಾದರೆ ಒಳಗಿರುವುದು ಜೀವವಿರುವಂಥದ್ದೇ.

ಹಿಂದಿನವರು ಹೆಚ್ಚಾಗಿ ನೋಡಿದ್ದು ಅಂಗಾಂಶದ ತುಣುಕುಗಳನ್ನು. ಹುಣ್ಣು ಕಾಣುವುದು ಅಲ್ಲಿ, ಹಾಗಾಗಿ ಕತ್ತರಿಸುವುದೂ ಅಲ್ಲಿ. ಸಾಯುತ್ತಿರುವ ಚರ್ಮದಲ್ಲಿ ನೂರೆಂಟು ಬಗೆಯ ಸೂಕ್ಷ್ಮಜೀವಿ ಮುತ್ತಿಕೊಂಡಿರುತ್ತವೆ. ಅದು ಸಂತೆಯಲ್ಲಿ ಕಳ್ಳನನ್ನು ಹುಡುಕಿದ ಹಾಗೆ. ಒಡಲ ನೀರು ಅಷ್ಟು ಗಲಾಟೆಯ ಜಾಗವಲ್ಲ. ಮನುಷ್ಯನಿಗೆ ಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ ಬರೆದುಕೊಡುತ್ತಾರೆ ಅಲ್ವಾ? ನಕ್ಷತ್ರಮೀನಿನ ರಕ್ತ ಪರೀಕ್ಷೆ ಅಂದರೆ ಒಡಲ ನೀರಿನ ಪರೀಕ್ಷೆ. ರೋಗಿಗಳ ಒಡಲ ನೀರನ್ನು, ಆರೋಗ್ಯವಂತರ ಒಡಲ ನೀರನ್ನು ಪಕ್ಕಪಕ್ಕ ಇಟ್ಟು ಡಿಎನ್‌ಎ, ಆರ್‌ಎನ್‌ಎ ಓದಿದಾಗ ಒಂದು ಹೆಸರು ಎದ್ದು ನಿಂತಿತು: ವಿಬ್ರಿಯೊ ಪೆಕ್ಟೆನಿಸಿಡಾ.

ಕಾಲರಾ ತರುವುದು ವಿಬ್ರಿಯೊ ಮನೆತನದ್ದೇ ಇನ್ನೊಂದು ಬ್ಯಾಕ್ಟೀರಿಯಾ. ಪೆಕ್ಟೆನಿಸಿಡಾ ಅಂದರೆ ಸ್ಕ್ಯಾಲಪ್ ಚಿಪ್ಪಿನ ಕೊಲೆಗಡುಕ. ಸ್ಕ್ಯಾಲಪ್ ಮರಿಗಳನ್ನು ಕೊಲ್ಲುವುದೆಂದು ಮೊದಲೇ ಪೊಲೀಸ್ ದಾಖಲೆಯಲ್ಲಿದ್ದವನೇ.

ಇಷ್ಟಕ್ಕೇ ನಿಲ್ಲಿಸಿದ್ದರೆ ಡೆನ್ಸೊವೈರಸ್ಸಿನ ಕತೆಯೇ ಮತ್ತೆ ಆಗುತ್ತಿತ್ತು. ಜೊತೆಗೆ ಸಿಕ್ಕವರೆಲ್ಲ ಕೊಲೆಗಾರರಲ್ಲ. ಅವರು ರೋಗಿಯ ಒಡಲ ನೀರಿನಿಂದ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಅದೊಂದನ್ನೇ ಆರೋಗ್ಯವಂತ ಸೂರ್ಯಕಾಂತಿ ನಕ್ಷತ್ರಗಳಿಗೆ ಕೊಟ್ಟರು. ಅವು ತಿರುಚಿಕೊಂಡವು, ಕೈ ಬಿಟ್ಟವು, ಸತ್ತವು. ರೋಗಕ್ಕೆ ಇದೇ ಸೂಕ್ಷ್ಮಜೀವಿ ಕಾರಣ ಎನ್ನಲು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ 19ನೇ ಶತಮಾನದಲ್ಲಿ ಹಾಕಿಕೊಟ್ಟ ಷರತ್ತುಗಳು ಪೂರೈಸಿದವು. 2025ರ ಆಗಸ್ಟ್‌ನಲ್ಲಿ ‘ನೇಚರ್ ಇಕಾಲಜಿ ಅಂಡ್ ಎವಲ್ಯೂಷನ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಇದರಲ್ಲೊಂದು ವಿಪರ್ಯಾಸವಿದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಬಿಟ್ಟರು. ಮಾರನೆಯ ದಿನ ನೋಡಿದರೆ ಓಡಾಡುವ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ಬಿಳಿ ರಕ್ತಕಣ ರೋಗಾಣುವನ್ನು ನುಂಗುತ್ತದೆ ಎಂಬ ತಿಳಿವಳಿಕೆ ಹುಟ್ಟಿದ್ದು ಅಲ್ಲಿಂದ. 1908ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ರೋಗದ ವಿರುದ್ಧದ ಕಾಳಗ ಹೇಗಿರುತ್ತದೆ ಎಂದು ಮನುಷ್ಯನಿಗೆ ತೋರಿಸಿಕೊಟ್ಟ ಪ್ರಾಣಿಯ ರೋಗ ಹುಡುಕುವಾಗ, ಆ ಕಾಳಗ ನಡೆಯುವ ಒಡಲ ನೀರನ್ನೇ ಮನುಷ್ಯ ಕೊನೆಗೆ ನೋಡಿದ.

ದಾಯಾದಿಗಳ ರಾಜ್ಯ

ಸೂರ್ಯಕಾಂತಿ ನಕ್ಷತ್ರ ಹೋದ ಮೇಲೆ ಲಾಭ ಆದದ್ದು ಅದರ ದಾಯಾದಿಗೇ. ಸೀ ಅರ್ಚಿನ್, ಅಂದರೆ ಕಡಲ ಮುಳ್ಳುಚೆಂಡು, ಅದೇ ಕುಲದ ಪ್ರಾಣಿ. ನಕ್ಷತ್ರಮೀನಿನ ಐದು ಕೈಗಳನ್ನು ಮೇಲೆತ್ತಿ ತುದಿ ಸೇರಿಸಿ ಹೊಲಿದು ಚೆಂಡು ಮಾಡಿದರೆ ಮುಳ್ಳುಚೆಂಡಿನ ನಕ್ಷೆ ಬರುತ್ತದೆ. ಅದನ್ನೇ ಉದ್ದಕ್ಕೆ ಎಳೆದು, ಮೆತ್ತಗೆ ಮಾಡಿ, ಮಗ್ಗುಲಿಗೆ ಮಲಗಿಸಿದರೆ ಕಡಲಸೌತೆ. ಕೈ ಸಪೂರ ಮಾಡಿ ಹಾವಿನಂತೆ ಬಳುಕಿಸಿದರೆ ಬ್ರಿಟಲ್ ಸ್ಟಾರ್. ತಲೆಕೆಳಗು ಮಾಡಿ ಬಾಯಿ ಮೇಲಿಟ್ಟರೆ ಸೀ ಲಿಲಿ. ನಕ್ಷೆ ಒಂದೇ, ಮನೆ ಐದು.

ಮುಳ್ಳುಚೆಂಡಿನ ಬಾಯಲ್ಲಿ ಐದು ಹಲ್ಲು, ಸವೆದಂತೆಲ್ಲ ತಾವೇ ಹರಿತವಾಗುವಂಥವು. ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ಕೆಲ್ಪ್ ಅನ್ನುವ ಕಡಲಕಳೆ ಕಾಡಿನಂತೆ ಬೆಳೆದಿತ್ತು. ಬಿಸಿನೀರಿನಿಂದ ಅದು ಮೊದಲೇ ಸೊರಗಿತ್ತು. ಕಾವಲುಗಾರ ಸತ್ತ ಮೇಲೆ ನೇರಳೆ ಮುಳ್ಳುಚೆಂಡುಗಳು ಅಲ್ಲಿ 60 ಪಟ್ಟು ಹೆಚ್ಚಿದವು. 350 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಶೇ. 90ಕ್ಕಿಂತ ಜಾಸ್ತಿ ಕೆಲ್ಪ್ ಹೋಯಿತು. ಕೆಲ್ಪ್ ತಿಂದು ಬದುಕುವ ಕೆಂಪು ಅಬಲೋನಿ ಚಿಪ್ಪುಗಳು ಹಸಿವಿನಿಂದ ಸತ್ತವು, 2018ರಿಂದ ಅವುಗಳನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ತಿನ್ನಲು ಏನೂ ಉಳಿಯದಿದ್ದರೂ ಮುಳ್ಳುಚೆಂಡುಗಳು ಸಾಯಲಿಲ್ಲ. ಒಳಗೆ ಟೊಳ್ಳಾಗಿ, ಬರಿ ಬಂಡೆಯ ಮೇಲೆ ವರ್ಷಗಟ್ಟಲೆ ಕೂತವು. ಕಡಲ ನೀರುನಾಯಿಗಳು ಇಂಥ ಟೊಳ್ಳು ಚೆಂಡನ್ನು ಮುಟ್ಟುವುದಿಲ್ಲ, ಒಡೆದು ತಿಂದರೆ ಹೊಟ್ಟೆ ತುಂಬುವುದಿಲ್ಲ. ಸೂರ್ಯಕಾಂತಿ ನಕ್ಷತ್ರಕ್ಕೆ ಈ ಮಡಿ ಇಲ್ಲ. ಪ್ರಯೋಗಾಲಯದಲ್ಲಿ ಹಸಿದ ಚೆಂಡುಗಳನ್ನೂ ನುಂಗಿತು, ಲೆಕ್ಕಕ್ಕೆ ಒಂದು ನಕ್ಷತ್ರ ದಿನಕ್ಕೆ ಸರಾಸರಿ 0.68 ಚೆಂಡು.

ಈಗ ಎಲ್ಲಿಗೆ ಬಂತು?

ಫೈಲ್ ಪೂರ್ತಿ ಮುಚ್ಚಿಲ್ಲ. ಪ್ರಯೋಗ ನಡೆದದ್ದು ಸೂರ್ಯಕಾಂತಿ ನಕ್ಷತ್ರದ ಮೇಲೆ. ಉಳಿದ ಜಾತಿಗಳನ್ನು ಕೊಂದದ್ದೂ ಇದೇ ಬ್ಯಾಕ್ಟೀರಿಯಾವೇ ಅನ್ನುವುದಕ್ಕೆ ಒಂದೊಂದರಲ್ಲೂ ಇದೇ ಪರೀಕ್ಷೆ ಆಗಬೇಕು. ಬಿಸಿನೀರಿಗೂ ಈ ವಿಬ್ರಿಯೊಗೂ ಇರುವ ಒಳಒಪ್ಪಂದ ಏನು ಎಂದೂ ನೋಡಬೇಕು. ಬ್ರಿಟಿಷ್ ಕೊಲಂಬಿಯಾದ ಕೆಲವು ತಣ್ಣನೆ ಕಡಲ ಕಣಿವೆಗಳಲ್ಲಿ ದೊಡ್ಡ ದೊಡ್ಡ ಸೂರ್ಯಕಾಂತಿ ನಕ್ಷತ್ರಗಳು ಇನ್ನೂ ಉಳಿದಿವೆ. ಬಿಸಿನೀರು ಈ ವಿಬ್ರಿಯೊಗೆ ನೆರವಾಗುತ್ತದೆ ಎಂಬ ಊಹೆಗೆ ಸದ್ಯಕ್ಕೆ ಅದೇ ಒಳ್ಳೆಯ ಸುಳಿವು.

ಇತ್ತ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್ ಪ್ರಯೋಗಾಲಯದಲ್ಲಿ 2019ರಿಂದ ಇವುಗಳ ಮರಿ ಸಾಕುತ್ತಿದ್ದಾರೆ. ಸಿಯಾಟಲ್ ಕಡೆ ಇರುವ ಕನ್ನಡಿಗರಿಗೆ ಅದು ದೋಣಿ ಹತ್ತಿದರೆ ಸಿಗುವ ಊರು. ರೋಗ ಹುಡುಕುವ ಪರೀಕ್ಷೆ ಈಗ ಸಾಧ್ಯವಾದ್ದರಿಂದ, ಯಾವ ಮರಿ ಸೋಂಕಿಲ್ಲದ್ದು, ಯಾವುದು ಸೋಂಕು ತಡೆಯಬಲ್ಲದು ಎಂದು ನೋಡಿ ಕಡಲಿಗೆ ಬಿಡುವ ದಾರಿ ತೆರೆದಿದೆ. ತೇಲಾಡುವುದು ಬಿಟ್ಟು ನೆಲ ಹಿಡಿದ ಮರಿ ಗುಂಡುಸೂಜಿಯ ತಲೆಯಷ್ಟಿರುತ್ತದೆ. ಆಗ ಅದಕ್ಕೆ ಐದೇ ಕೈ. ದೊಡ್ಡದಾಗುತ್ತಾ ಹಳೆಯ ಕೈಗಳ ನಡುವೆ ಹೊಸ ಕೈಗಳು ಮೊಳೆಯುತ್ತವೆ.